ತಾರಸಿಯಲ್ಲಿ ದೂರದರ್ಶಕ, ಕೆಳಗೆ ಕೋಣೆಯಲ್ಲಿ ಕಂಪ್ಯೂಟರ್: ಓದುಗರ ಪ್ರಶ್ನೆಗಳಿಗೆ ಉತ್ತರ

ದೂರದರ್ಶಕಕ್ಕೆ ಕ್ಯಾಮೆರಾ ಕೂರಿಸಿ ಮನೆಯ ಕಂಪ್ಯೂಟರಿನಿಂದ ನಡೆಸುವ ಬಗ್ಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಯಾವ ತಂತ್ರಾಂಶ ಒಳ್ಳೆಯದು ಎಂದು ಕೇಳುತ್ತವೆ. ಆದರೆ ಅದೇ ಪತ್ರಗಳಲ್ಲಿ ವಿವರಿಸಿರುವ ಲಕ್ಷಣಗಳನ್ನು ನೋಡಿದರೆ ರೋಗ ಬಹುಪಾಲು ತಂತಿಯಲ್ಲಿ, ಕರೆಂಟಿನಲ್ಲಿ, ಗಡಿಯಾರದಲ್ಲಿ ಇದೆ. ಹಾಗಾಗಿ ಉತ್ತರಗಳೂ ಅತ್ತಲೇ ವಾಲಿವೆ.

ಪ್ರಶ್ನೆ: ನನ್ನದು 130 ಮಿ.ಮೀ. ಕನ್ನಡಿಯ, 650 ಮಿ.ಮೀ. ನಾಭಿದೂರದ ನ್ಯೂಟೋನಿಯನ್ ದೂರದರ್ಶಕ. ಗೋ-ಟು (ಹೇಳಿದ ಆಕಾಶಕಾಯದತ್ತ ತಾನೇ ತಿರುಗುವ ವ್ಯವಸ್ಥೆ) ಇರುವ ಈಕ್ವೆಟೋರಿಯಲ್ ಮೌಂಟ್ (ಒಂದು ಅಕ್ಷ ಧ್ರುವದತ್ತ ಇರುವ ಆಧಾರ) ಮೇಲಿದೆ. ತಾರಸಿಯಿಂದ ನನ್ನ ಕೋಣೆಗೆ ತಂತಿ ಎಳೆದರೆ 15 ಮೀಟರ್ ಆಗುತ್ತದೆ. ಅಷ್ಟು ಉದ್ದದ ಯುಎಸ್‌ಬಿ ಕೇಬಲ್ ಎಲ್ಲಿ ಸಿಗುತ್ತದೆ?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಹುಡುಕಬೇಡಿ. ಯುಎಸ್‌ಬಿ 2ಕ್ಕೆ 5 ಮೀಟರ್, ಯುಎಸ್‌ಬಿ 3ಕ್ಕೆ ಹೆಚ್ಚೆಂದರೆ 3 ಮೀಟರ್. ಅದರಾಚೆ ಸಾಮಾನ್ಯ ಕೇಬಲ್‌ನಲ್ಲಿ ಚಿತ್ರ ಅರ್ಧಕ್ಕೇ ನಿಲ್ಲುತ್ತದೆ. ನಡುವೆ ರಿಪೀಟರ್ ಇರುವ ಉದ್ದ ಕೇಬಲ್‌ಗಳು ಮೊದಲ ದಿನ ಚೆನ್ನಾಗಿ ನಡೆದು, ಇಬ್ಬನಿ ಬಿದ್ದ ರಾತ್ರಿ ಕೈಕೊಡುತ್ತವೆ. ಕೆಳಕ್ಕೆ ಇಳಿಯಬೇಕಾದದ್ದು ಯುಎಸ್‌ಬಿ ಅಲ್ಲ, ನೆಟ್‌ವರ್ಕ್.

ಅಂದರೆ, ಒಂದು ಸಣ್ಣ ಕಂಪ್ಯೂಟರನ್ನು ಟ್ರೈಪಾಡ್ ಪಕ್ಕದಲ್ಲೇ ಇಡಿ. ಕ್ಯಾಮೆರಾ, ಮೌಂಟ್, ಫೋಕಸರ್ (ಚಿತ್ರವನ್ನು ಸ್ಫುಟಗೊಳಿಸಲು ತಿರುಗಿಸುವ ಭಾಗ) ಮೂರೂ ಒಂದು ಮೀಟರ್ ಒಳಗಿನ ಕೇಬಲ್‌ಗಳಿಂದ ಅದಕ್ಕೇ ಸೇರಲಿ. ಅಲ್ಲಿಂದ ಕೋಣೆಗೆ ಒಂದೇ ಒಂದು ಲ್ಯಾನ್ ಕೇಬಲ್. 100 ಮೀಟರ್ ತನಕ ಅದಕ್ಕೆ ತೊಂದರೆಯಿಲ್ಲ. ಕೆಳಗಿನ ಲ್ಯಾಪ್‌ಟಾಪ್ ಮೇಲಿನ ಕಂಪ್ಯೂಟರಿನ ಪರದೆಯನ್ನು ತೋರಿಸುವ ಕಿಟಕಿ ಮಾತ್ರ. ಇದರ ದೊಡ್ಡ ಲಾಭವೆಂದರೆ, ನಡುವಿನ ಸಂಪರ್ಕ ಕಡಿದರೂ ಮೇಲಿನದು ಚಿತ್ರ ತೆಗೆಯುತ್ತಲೇ ಇರುತ್ತದೆ. ಲಡಾಖ್‌ನ ಹಾನ್ಲೆಯಲ್ಲಿ ಸುಮಾರು 4500 ಮೀಟರ್ ಎತ್ತರದಲ್ಲಿರುವ 2 ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವನ್ನು ನಮ್ಮ ಹೊಸಕೋಟೆಯಿಂದ ಉಪಗ್ರಹ ಸಂಪರ್ಕದ ಮೂಲಕ ನಡೆಸುವುದೂ ಇದೇ ತತ್ವದ ಮೇಲೆ: ಕೆಲಸ ಮಾಡುವ ಯಂತ್ರ ಅಲ್ಲಿ, ಅಪ್ಪಣೆ ಇಲ್ಲಿಂದ.

ವೈಫೈ ಸಾಕಾಗುವುದಿಲ್ಲವೇ ಎಂದರೆ, ಸಾಕಾಗಬಹುದು. ಆದರೆ ಆರ್‌ಸಿಸಿ ಚಾವಣಿಯ ಕಬ್ಬಿಣ ಸಂಕೇತವನ್ನು ತಿನ್ನುತ್ತದೆ. ರೌಟರ್ ಮೆಟ್ಟಿಲ ತಲೆಯಲ್ಲಿದ್ದರೆ ಬದುಕಿದಿರಿ. ನೆಲಮಹಡಿಯ ಟಿವಿ ಹಿಂದೆ ಇದ್ದರೆ ಕೇಬಲ್ಲೇ ಸರಿ. ಇನ್ನೊಂದು ಎಚ್ಚರ: ಏಪ್ರಿಲ್–ಮೇ ತಿಂಗಳ ಗುಡುಗು ಮಳೆಯ ಕಾಲದಲ್ಲಿ ತಾರಸಿಯ ಲ್ಯಾನ್ ಕೇಬಲ್ಲನ್ನು ಎರಡೂ ತುದಿಯಿಂದ ಕಿತ್ತಿಡಿ. ಹತ್ತಿರ ಎಲ್ಲೋ ಸಿಡಿಲು ಬಿದ್ದರೂ ಅದರ ಹೊಡೆತ ಆ ತಂತಿಯಲ್ಲಿ ಇಳಿದು ರೌಟರ್ ತನಕ ಬರುತ್ತದೆ.

ಪ್ರಶ್ನೆ: ಮೇಲಿಡುವ ಆ ಸಣ್ಣ ಕಂಪ್ಯೂಟರ್ ರಾಸ್ಪ್‌ಬೆರಿ ಪೈ ಆಗಬೇಕೇ, ವಿಂಡೋಸ್ ಮಿನಿ ಪಿಸಿ ಆಗಬೇಕೇ? ಮನೆಯಲ್ಲಿ ಹಳೆಯ ಲ್ಯಾಪ್‌ಟಾಪ್ ಒಂದು ಧೂಳು ತಿನ್ನುತ್ತಿದೆ.
— ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ಧೂಳು ಒರೆಸಿ ಅದನ್ನೇ ಬಳಸಿ. ಬ್ಯಾಟರಿ ಸತ್ತಿದ್ದರೂ ಪರವಾಗಿಲ್ಲ. 4 ಜಿಬಿ ರ‍್ಯಾಮ್, ಒಂದು ಎಸ್‌ಎಸ್‌ಡಿ ಇದ್ದರೆ ಕಲಿಯಲು ಧಾರಾಳ. ದುಡ್ಡು ಖರ್ಚು ಮಾಡುವುದನ್ನು ಮೂರು ತಿಂಗಳು ಮುಂದೂಡಿ. ಅಷ್ಟರಲ್ಲಿ ನಿಮಗೆ ಬೇಕಾದದ್ದು ಏನೆಂದು ನಿಮಗೇ ಗೊತ್ತಾಗಿರುತ್ತದೆ.

ವಿಂಡೋಸ್ ಆದರೆ ಮೊದಲು ಆಸ್ಕಾಮ್ ಪ್ಲಾಟ್‌ಫಾರ್ಮ್ ಹಾಕಿ. ಇದು ತಂತ್ರಾಂಶಕ್ಕೂ ಉಪಕರಣಕ್ಕೂ ನಡುವಿನ ದುಭಾಷಿ. ಮೇಲೆ ನಿಮ್ಮ ಮೌಂಟ್, ಕ್ಯಾಮೆರಾಗಳ ಡ್ರೈವರ್. ಚಿತ್ರಗಳ ಸರಣಿ ನಡೆಸಲು ನೀನಾ, ಗೈಡಿಂಗ್‌ಗೆ (ಒಂದು ನಕ್ಷತ್ರವನ್ನು ನೋಡುತ್ತ ಮೌಂಟ್‌ನ ಚಲನೆಯನ್ನು ತಿದ್ದುತ್ತಿರುವ ಕೆಲಸಕ್ಕೆ) ಪಿಎಚ್‌ಡಿ2, ಚಿತ್ರದ ನಕ್ಷತ್ರಗಳನ್ನು ಗುರುತಿಸಿ ದೂರದರ್ಶಕ ಎಲ್ಲಿ ನೋಡುತ್ತಿದೆಯೆಂದು ಹೇಳಲು ಅಸ್ಟಾಪ್. ಎಲ್ಲವೂ ಉಚಿತ. ಲಿನಕ್ಸ್ ಅಥವಾ ಪೈ ಆದರೆ ದುಭಾಷಿಯ ಹೆಸರು ಇಂಡಿ. ಮೇಲೆ ಕೆಸ್ಟಾರ್ಸ್, ಅದರೊಳಗಿನ ಈಕೋಸ್ ಇಡೀ ರಾತ್ರಿಯ ಕೆಲಸ ನೋಡಿಕೊಳ್ಳುತ್ತದೆ. ಅಸ್ಟಾಪ್‌ನ ನಕ್ಷತ್ರ ಪಟ್ಟಿಯನ್ನು ಹಗಲಲ್ಲೇ ಇಳಿಸಿಕೊಂಡಿರಬೇಕು. ಅದಿಲ್ಲದೆ ರಾತ್ರಿ ಅದು ಮೂಕ.

ಪೈನ ಗುಣ ಕಡಿಮೆ ವಿದ್ಯುತ್ತು. ಅದರ ದೋಷವೂ ವಿದ್ಯುತ್ತೇ: ಪೈ 4ಕ್ಕೆ 5 ವೋಲ್ಟ್ 3 ಆಂಪ್, ಪೈ 5ಕ್ಕೆ 5 ವೋಲ್ಟ್ 5 ಆಂಪ್ ಬೇಕು. ಮೊಬೈಲ್ ಚಾರ್ಜರ್ ಚುಚ್ಚಿದರೆ ಪೈ ಎದ್ದು ಕೂರುತ್ತದೆ, ಆದರೆ ಕ್ಯಾಮೆರಾ ಆಗಾಗ ಮಾಯವಾಗುತ್ತದೆ. 3 ಆಂಪ್ ಅಡಾಪ್ಟರ್ ಕೊಟ್ಟರೆ ಪೈ 5 ತನ್ನ ನಾಲ್ಕೂ ಯುಎಸ್‌ಬಿ ಕಿಂಡಿಗಳಿಗೆ ಸೇರಿ 600 ಮಿಲಿಆಂಪ್ ಮಾತ್ರ ಹಂಚುತ್ತದೆ. 5 ಆಂಪ್‌ನದಾದರೆ 1.6 ಆಂಪ್.

ಯಾವುದೇ ವಿಂಡೋಸ್ ಯಂತ್ರವಾದರೂ ಮೊದಲ ರಾತ್ರಿಗೆ ಮುನ್ನ ಮೂರು ಕೆಲಸ: ಸ್ಲೀಪ್ ಬಂದ್, ಪವರ್ ಆಯ್ಕೆಗಳಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಬಂದ್, ಅಪ್‌ಡೇಟ್ ರಾತ್ರಿಯಲ್ಲಿ ತಾನಾಗಿ ರೀಸ್ಟಾರ್ಟ್ ಆಗದಂತೆ ತಡೆ.

ಪ್ರಶ್ನೆ: ಮೌಂಟ್‌ನ ಹ್ಯಾಂಡ್ ಕಂಟ್ರೋಲರ್ ಕಿಂಡಿ ಲ್ಯಾನ್ ಕಿಂಡಿಯಂತೆಯೇ ಇದೆ. ನೇರ ರೌಟರಿಗೆ ಜೋಡಿಸಬಹುದೇ?
— ಓದುಗರೊಬ್ಬರು, ಹಾಸನ

ಉತ್ತರ: ಖಂಡಿತ ಕೂಡದು. ಆಕಾರ ಮಾತ್ರ ಲ್ಯಾನ್. ಒಳಗಿರುವುದು ಸೀರಿಯಲ್ ಸಂಕೇತ, ಜೊತೆಗೆ ಹ್ಯಾಂಡ್ ಕಂಟ್ರೋಲರಿಗೆ ಹೋಗುವ 12 ವೋಲ್ಟ್. ಎರಡರಲ್ಲಿ ಒಂದು ಸುಡಬಹುದು. ಸ್ಕೈವಾಚರ್ ಮೌಂಟ್ ಆದರೆ ಈಕ್ಯೂಡೈರ್ ಎಂಬ ಕೇಬಲ್ ಕೊಳ್ಳಿ. ಎಫ್‌ಟಿಡಿಐ ಚಿಪ್ ಇರುವುದನ್ನೇ ಕೇಳಿ. ಆ ಕೇಬಲ್ ಹಾಕಿದ ಮೇಲೆ ಹ್ಯಾಂಡ್ ಕಂಟ್ರೋಲರ್ ಬೇಕಿಲ್ಲ. ವಿಂಡೋಸ್‌ನಲ್ಲಿ ಕೇಬಲ್ಲನ್ನು ಪ್ರತಿಸಲ ಅದೇ ಯುಎಸ್‌ಬಿ ಕಿಂಡಿಗೆ ಹಾಕಿ, ಇಲ್ಲವಾದರೆ ಕಾಮ್ ಪೋರ್ಟ್ ಸಂಖ್ಯೆ ಬದಲಾಗಿ 'ಮೌಂಟ್ ಸಿಗುತ್ತಿಲ್ಲ' ಎನ್ನುತ್ತದೆ. ಕಿಂಡಿಗೆ ಬಣ್ಣದ ಟೇಪು ಅಂಟಿಸಿಟ್ಟರೆ ಕತ್ತಲಲ್ಲಿ ಪರದಾಟವಿಲ್ಲ.

ಪ್ರಶ್ನೆ: ಗೋ-ಟು ಒತ್ತಿದರೆ ದೂರದರ್ಶಕ ಪ್ರತಿಸಲವೂ ಗುರುಗ್ರಹಕ್ಕಿಂತ ಏಳೆಂಟು ಡಿಗ್ರಿ ಪಕ್ಕಕ್ಕೆ ಹೋಗಿ ನಿಲ್ಲುತ್ತದೆ. ಮೌಂಟ್ ಕೆಟ್ಟಿದೆಯೇ?
— ಶಾಲಾ ಶಿಕ್ಷಕಿ, ಮೈಸೂರು

ಉತ್ತರ: ಪ್ರತಿಸಲವೂ ಒಂದೇ ಕಡೆಗೆ, ಒಂದೇ ಅಳತೆಯಲ್ಲಿ ತಪ್ಪುತ್ತಿದ್ದರೆ ಮೌಂಟ್ ಕೆಟ್ಟಿಲ್ಲ, ಅದಕ್ಕೆ ಕೊಟ್ಟ ಲೆಕ್ಕ ಕೆಟ್ಟಿದೆ. ಆಕಾಶ ಗಂಟೆಗೆ 15 ಡಿಗ್ರಿ ತಿರುಗುತ್ತದೆ. ನಮ್ಮ ಕಾಲವಲಯ +5:30. ಅದರಲ್ಲಿ ಅರ್ಧ ಗಂಟೆ ಬಿಟ್ಟು +5 ಎಂದೋ +6 ಎಂದೋ ಕೊಟ್ಟರೆ ಸರಿಯಾಗಿ 7.5 ಡಿಗ್ರಿ ತಪ್ಪುತ್ತದೆ. ನಿಮ್ಮ ಏಳೆಂಟು ಡಿಗ್ರಿ ಬಹುಶಃ ಅದೇ.

ಅದು ಸರಿಯಿದ್ದರೆ ಮುಂದಿನ ಅನುಮಾನ ತಾರೀಖು. ಸ್ಕೈವಾಚರ್‌ನ ಸಿನ್‌ಸ್ಕ್ಯಾನ್ ಕಂಟ್ರೋಲರ್ ಮೊದಲು ತಿಂಗಳು, ಆಮೇಲೆ ದಿನ ಕೇಳುತ್ತದೆ. ನಾವು ರೂಢಿಯಂತೆ ದಿನ ಮೊದಲು ಒತ್ತಿಬಿಡುತ್ತೇವೆ. ಮೂರನೆಯದು ಅಕ್ಷಾಂಶ–ರೇಖಾಂಶ. ಮೊಬೈಲ್ ನಕ್ಷೆ ಮೈಸೂರಿಗೆ ಪೂರ್ವ 76.65 ಎಂಬಂಥ ದಶಮಾಂಶ ಕೊಡುತ್ತದೆ. ಕಂಟ್ರೋಲರ್ ಕೇಳುವುದು ಡಿಗ್ರಿ ಮತ್ತು ಕಲೆ (ಡಿಗ್ರಿಯ ಅರವತ್ತನೆಯ ಒಂದು ಭಾಗ). 0.65ನ್ನು 60ರಿಂದ ಗುಣಿಸಿದರೆ 39. ಅಂದರೆ 76 ಡಿಗ್ರಿ 39 ಕಲೆ. 65 ಎಂದೇ ಬರೆಯಲು ಹೋದರೆ ಕಂಟ್ರೋಲರ್ ಒಪ್ಪುವುದಿಲ್ಲ, ಆದರೆ 76.45 ಇರುವ ಊರಿನವರು 45 ಕಲೆ ಎಂದು ಬರೆದರೆ ಅದು ತೆಪ್ಪಗೆ ಒಪ್ಪಿಕೊಂಡುಬಿಡುತ್ತದೆ.

ಪೈ ಬಳಸುವವರಿಗೆ ಇನ್ನೊಂದು ಮಾತು. ಪೈ 4ರಲ್ಲಿ ಗಡಿಯಾರದ ಬ್ಯಾಟರಿಯೇ ಇಲ್ಲ. ಇಂಟರ್‌ನೆಟ್ ಇಲ್ಲದ ಹೊಲದಲ್ಲಿ ಆನ್ ಮಾಡಿದರೆ ಅದು ಕೊನೆಯ ಬಾರಿ ಆರಿಸಿದ ಸಮಯವನ್ನೇ ಈಗಿನದೆಂದು ನಂಬುತ್ತದೆ. ಪೈ 5ರಲ್ಲಿ ಗಡಿಯಾರವಿದೆ, ಬ್ಯಾಟರಿಯನ್ನು ಪ್ರತ್ಯೇಕವಾಗಿ ಕೊಂಡು ಹಾಕಬೇಕು. ಇಲ್ಲವಾದರೆ ಯುಎಸ್‌ಬಿ ಜಿಪಿಎಸ್, ಅಥವಾ ಮೊಬೈಲ್ ಹಾಟ್‌ಸ್ಪಾಟ್ ಒಂದು ನಿಮಿಷ.

ಪ್ರಶ್ನೆ: ಹಳೆಯ ಡಿಎಸ್‌ಎಲ್‌ಆರ್ ಇದೆ. ಟಿ-ರಿಂಗ್ (ಕ್ಯಾಮೆರಾವನ್ನು ದೂರದರ್ಶಕಕ್ಕೆ ಸೇರಿಸುವ ಬಳೆ) ತರಿಸಿ ಮೊದಲ ಪತ್ರದವರದೇ ರೀತಿಯ 650 ಮಿ.ಮೀ. ನ್ಯೂಟೋನಿಯನ್‌ಗೆ ಹಾಕಿದೆ. ಕಣ್ಣಿಟ್ಟು ನೋಡಿದರೆ ಚಂದ್ರ ಸ್ಫುಟ; ಕ್ಯಾಮೆರಾದಲ್ಲಿ ಬರೀ ಬೆಳ್ಳನೆಯ ಬಟ್ಟಲು. ಫೋಕಸರನ್ನು ಪೂರ್ತಿ ಒಳಕ್ಕೆ ತಿರುಗಿಸಿದರೂ ಸ್ಫುಟವಾಗುವುದಿಲ್ಲ. ಬೇರೆ ಕ್ಯಾಮೆರಾ ಕೊಳ್ಳಬೇಕೇ?
— ಓದುಗರೊಬ್ಬರು, ತುಮಕೂರು

ಉತ್ತರ: ನೀವು ತಪ್ಪೇನೂ ಮಾಡಿಲ್ಲ. ಕಣ್ಣಿಗಾಗಿ ಮಾಡಿದ ನ್ಯೂಟೋನಿಯನ್‌ಗಳಲ್ಲಿ ಬೆಳಕು ಕೂಡುವ ಬಿಂದು ಫೋಕಸರ್ ಬಾಯಿಗೆ ತೀರಾ ಹತ್ತಿರ ಇರುತ್ತದೆ. ಕ್ಯಾನನ್ ಡಿಎಸ್‌ಎಲ್‌ಆರ್‌ನಲ್ಲಿ ಸಂವೇದಕ ಬಾಯಿಯಿಂದ 44 ಮಿ.ಮೀ. ಒಳಗೆ, ಟಿ-ರಿಂಗ್ 11 ಮಿ.ಮೀ., ಒಟ್ಟು 55. ಆ ಬಿಂದು ಅಷ್ಟು ದೂರ ಹೊರಗೆ ಬರುವುದೇ ಇಲ್ಲ.

ದಾರಿಗಳು ಮೂರು. ಮೊದಲನೆಯದು 2 ಪಟ್ಟಿನ ಬಾರ್ಲೋ (ನಾಭಿದೂರ ಹೆಚ್ಚಿಸುವ ಮಸೂರ) ನಡುವೆ ಹಾಕುವುದು. ಚಂದ್ರನಿಗೆ ಸರಿ, ನೀಹಾರಿಕೆಗೆ ಬೇಡ, ಏಕೆಂದರೆ ಅದೇ ಹೊಳಪಿಗೆ ನಾಲ್ಕು ಪಟ್ಟು ಹೊತ್ತು ಬೆಳಕು ಹಿಡಿಯಬೇಕಾಗುತ್ತದೆ. ಎರಡನೆಯದು ಹಿಂದಿನ ದೊಡ್ಡ ಕನ್ನಡಿಯನ್ನು ಉದ್ದನೆಯ ಬೋಲ್ಟ್ ಹಾಕಿ 20–30 ಮಿ.ಮೀ. ಮುಂದಕ್ಕೆ ತರುವುದು. ಇದಾದ ಮೇಲೆ ಕನ್ನಡಿಗಳನ್ನು ಮತ್ತೆ ಸಾಲುಗೂಡಿಸಬೇಕು, ಐಪೀಸ್ ಹಾಕುವಾಗ ಒಂದು ಉದ್ದ ಕೊಳವೆ ಬೇಕಾಗುತ್ತದೆ. ಕೈಯಲ್ಲಿ ಸ್ಪ್ಯಾನರ್ ಹಿಡಿದು ಅಭ್ಯಾಸವಿದ್ದರೆ ಇದೇ ಅತ್ಯುತ್ತಮ. ಮೂರನೆಯದು ಸಂವೇದಕ ಬಾಯಿಗೆ ಹತ್ತಿರವಿರುವ ಕ್ಯಾಮೆರಾ. ರಾಸ್ಪ್‌ಬೆರಿ ಪೈ ಎಚ್‌ಕ್ಯೂ ಕ್ಯಾಮೆರಾದಲ್ಲಿ ಸಿ-ಮೌಂಟ್ ಬಳೆ ಸೇರಿ 17.5 ಮಿ.ಮೀ.; ಬಳೆ ಬಿಚ್ಚಿದರೆ 12.5. ಅದಕ್ಕೆ ಒಂದೂಕಾಲು ಇಂಚಿನ ಮೂತಿ ತಿರುಗಿಸಿ ಐಪೀಸ್ ಜಾಗದಲ್ಲೇ ತೂರಿಸಬಹುದು.

ಯಾವ ಕ್ಯಾಮೆರಾ ಎಂಬುದನ್ನು ಬೆಲೆಗಿಂತ ಮೊದಲು ಒಂದು ಭಾಗಾಕಾರದಿಂದ ನೋಡಿ: ಪಿಕ್ಸೆಲ್ ಗಾತ್ರವನ್ನು ಮೈಕ್ರಾನ್‌ಗಳಲ್ಲಿ ತೆಗೆದುಕೊಂಡು 206ರಿಂದ ಗುಣಿಸಿ, ನಾಭಿದೂರದ ಮಿಲಿಮೀಟರ್‌ಗಳಿಂದ ಭಾಗಿಸಿ. ಬರುವುದು ಒಂದು ಪಿಕ್ಸೆಲ್ ಆಕಾಶದಲ್ಲಿ ಹಿಡಿಯುವ ಜಾಗ, ವಿಕಲೆಗಳಲ್ಲಿ (ಕಲೆಯ ಅರವತ್ತನೆಯ ಒಂದು ಭಾಗ ವಿಕಲೆ). ಎಚ್‌ಕ್ಯೂ ಕ್ಯಾಮೆರಾದ ಪಿಕ್ಸೆಲ್ 1.55 ಮೈಕ್ರಾನ್, 650ಕ್ಕೆ 0.49 ವಿಕಲೆ. ಅಗಲದ 4056 ಪಿಕ್ಸೆಲ್‌ಗೆ 33 ಕಲೆ, ಎತ್ತರದ 3040ಕ್ಕೆ 25 ಕಲೆ. ಚಂದ್ರನ ವ್ಯಾಸ ಸುಮಾರು 31 ಕಲೆ. ಹಾಗಾಗಿ ಹುಣ್ಣಿಮೆ ಚಂದ್ರ ಅಗಲದಲ್ಲಿ ಹಿಡಿಸುತ್ತಾನೆ, ಮೇಲೆ ಕೆಳಗೆ ಕತ್ತರಿಸಿಹೋಗುತ್ತಾನೆ. ಎರಡು ಚಿತ್ರ ತೆಗೆದು ಹೊಲಿಯಬೇಕು. ನಿಮ್ಮ ಡಿಎಸ್‌ಎಲ್‌ಆರ್‌ನ 22 ಮಿ.ಮೀ. ಸಂವೇದಕ ಅದೇ ದೂರದರ್ಶಕದಲ್ಲಿ ಸುಮಾರು 2 ಡಿಗ್ರಿ ಅಗಲ ಹಿಡಿಯುತ್ತದೆ. ಮಹಾವ್ಯಾಧನ ನೀಹಾರಿಕೆಗೆ ಹೇಳಿಮಾಡಿಸಿದಂತೆ. ಆದ್ದರಿಂದ ನಿಮಗೆ ನಮ್ಮ ಸಲಹೆ ಬೋಲ್ಟ್ ಬದಲಿಸುವುದು, ಕ್ಯಾಮೆರಾ ಅಲ್ಲ.

ದೂರದಿಂದ ನಡೆಸುವುದಾದರೆ ಡಿಎಸ್‌ಎಲ್‌ಆರ್‌ಗೆ ಬ್ಯಾಟರಿಯ ಜಾಗದಲ್ಲಿ ಕೂರುವ ಡಮ್ಮಿ ಬ್ಯಾಟರಿ, ಅದರ ಅಡಾಪ್ಟರ್ ಬೇಕು. ಕೆಲವು ಹಳೆಯ ಮಾಡೆಲ್‌ಗಳು ಯುಎಸ್‌ಬಿಯಿಂದ 30 ಸೆಕೆಂಡಿಗಿಂತ ಹೆಚ್ಚು ಶಟರ್ ತೆರೆಯುವುದಿಲ್ಲ. ಅಂಥವಕ್ಕೆ ಪ್ರತ್ಯೇಕ ಶಟರ್ ಕೇಬಲ್ ಉಂಟು. ಮೋಡ್ ತಿರುಗಣೆ ಬಲ್ಬ್ ಅಥವಾ ಮ್ಯಾನುಯಲ್‌ನಲ್ಲಿರಲಿ, ಲೆನ್ಸ್‌ನ ಆಟೋಫೋಕಸ್ ಹುಡುಕಾಟ ಬಂದ್ ಇರಲಿ, ಚಿತ್ರ ರಾ ಆಗಿಯೇ ಉಳಿಯಲಿ.

ಪ್ರಶ್ನೆ: ನಮ್ಮ ಮನೆಯ ಉತ್ತರಕ್ಕೆ ತೆಂಗಿನ ತೋಟ. ಧ್ರುವ ನಕ್ಷತ್ರ ಕಾಣುವುದೇ ಇಲ್ಲ. ಮೌಂಟನ್ನು ಧ್ರುವಕ್ಕೆ ಹೊಂದಿಸುವುದು ಹೇಗೆ?
— ಓದುಗರೊಬ್ಬರು, ಮಂಗಳೂರು

ಉತ್ತರ: ತೆಂಗಿನ ಮರ ಕಡಿಯಬೇಕಿಲ್ಲ. ಮಂಗಳೂರು, ಬೆಂಗಳೂರಿನಲ್ಲಿ ಧ್ರುವ ದಿಗಂತದಿಂದ 13 ಡಿಗ್ರಿ ಮೇಲೆ ಮಾತ್ರ. ಬೀದರಿನಲ್ಲೂ 18ಕ್ಕೆ ಸ್ವಲ್ಪ ಕಡಿಮೆ. ಪಕ್ಕದ ಮನೆಯ ನೀರಿನ ಟ್ಯಾಂಕೇ ಸಾಕು ಮುಚ್ಚಲು. ಮೌಂಟ್‌ನ ಅಳತೆಪಟ್ಟಿಯಲ್ಲಿ ಅಕ್ಷಾಂಶ ಹೊಂದಿಸಿ, ದಿಕ್ಸೂಚಿಯಿಂದ ಉತ್ತರಕ್ಕೆ ತಿರುಗಿಸಿ. ದಿಕ್ಸೂಚಿಯನ್ನು ಟ್ರೈಪಾಡಿನಿಂದಲೂ ಚಾವಣಿಯ ಕಂಬಿಗಳಿಂದಲೂ ದೂರ ಹಿಡಿಯಿರಿ, ಇಲ್ಲವಾದರೆ ಹತ್ತು ಡಿಗ್ರಿ ಸುಳ್ಳು ಹೇಳಬಹುದು. ಆಮೇಲೆ ನೀನಾದ ತ್ರೀ ಪಾಯಿಂಟ್ ಪ್ಲಗಿನ್ ಅಥವಾ ಈಕೋಸ್‌ನ ಪೋಲಾರ್ ಅಲೈನ್‌ಮೆಂಟ್ ಸಹಾಯಕ ತೆರೆಯಿರಿ. ಆಕಾಶದ ಯಾವ ತೆರೆದ ಭಾಗವಾದರೂ ಸರಿ, ಅದು ಧ್ರುವಾಕ್ಷವನ್ನು ಮಾತ್ರ ತಿರುಗಿಸುತ್ತ ಮೂರು ಚಿತ್ರ ತೆಗೆದು, ನಿಜವಾದ ಧ್ರುವಕ್ಕೂ ನಿಮ್ಮ ಅಕ್ಷಕ್ಕೂ ಇರುವ ಅಂತರ ಲೆಕ್ಕ ಹಾಕುತ್ತದೆ. ಮೌಂಟ್‌ನ ಎರಡು ಜೋಡಿ ತಿರುಪುಗಳನ್ನು ಕೈಯಲ್ಲೇ ತಿರುಗಿಸಬೇಕು. ಈ ಒಂದು ಕೆಲಸ ಕೋಣೆಯಲ್ಲಿ ಕೂತು ಆಗುವುದಿಲ್ಲ. ಅಂತರ 1–2 ಕಲೆಗೆ ಇಳಿದರೆ ಸಾಕು.

ನಮ್ಮ ಅಕ್ಷಾಂಶದ ಇನ್ನೊಂದು ತಂಟೆ: ಧ್ರುವಾಕ್ಷ ಬಹುತೇಕ ಮಲಗಿರುವುದರಿಂದ ಎದುರುತೂಕದ ಸರಳು ಟ್ರೈಪಾಡಿನ ಉತ್ತರದ ಕಾಲಿಗೆ ತಾಗಬಹುದು. ಕೊಳ್ಳುವ ಮುನ್ನ ಮೌಂಟ್ 13 ಡಿಗ್ರಿ ತನಕ ಇಳಿಯುತ್ತದೆಯೇ ಕೇಳಿ. ತಾಗುವುದಾದರೆ ನಡುವೆ ಒಂದು ಪಿಯರ್ ಕೊಳವೆ ಹಾಕಿ ಎತ್ತರಿಸಿ.

ಪ್ರಶ್ನೆ: ಕ್ಯಾಮೆರಾ ಹಾಕುವ ಮುಂಚೆ ಸರಿಯಿದ್ದ ಮೌಂಟ್ ಈಗ ವೇಗವಾಗಿ ತಿರುಗುವಾಗ ಕಿರ್ರೆಂದು ಕೂಗಿ ನಿಲ್ಲುತ್ತದೆ. ಕೆಳಗಿನ ಕೋಣೆಯಿಂದ 12 ವೋಲ್ಟ್ ಅಡಾಪ್ಟರಿನ ತಂತಿಯನ್ನು 10 ಮೀಟರ್ ಎಳೆದಿದ್ದೇನೆ.
— ಓದುಗರೊಬ್ಬರು, ಗದಗ

ಉತ್ತರ: ಕಾರಣ ನಿಮ್ಮ ಪತ್ರದ ಕೊನೆಯ ವಾಕ್ಯದಲ್ಲಿದೆ. ಮಾಮೂಲಿ 0.75 ಚದರ ಮಿ.ಮೀ. ತಾಮ್ರದ ತಂತಿಯಲ್ಲಿ 10 ಮೀಟರ್ ಹೋಗಿ 10 ಮೀಟರ್ ಬರುವ ಕರೆಂಟಿಗೆ ಸುಮಾರು 0.46 ಓಮ್ ತಡೆ. 3 ಆಂಪ್ ಹರಿದರೆ 1.4 ವೋಲ್ಟ್ ದಾರಿಯಲ್ಲೇ ಕರಗಿ ಮೌಂಟಿಗೆ 10.6 ಮಾತ್ರ ತಲುಪುತ್ತದೆ. 11ಕ್ಕಿಂತ ಇಳಿದರೆ ಮೋಟಾರು ಹೆಜ್ಜೆ ತಪ್ಪುವುದು ಸಾಮಾನ್ಯ. 2.5 ಚದರ ಮಿ.ಮೀ. ತಂತಿ ಹಾಕಿದರೆ ನಷ್ಟ 0.4 ವೋಲ್ಟ್‌ಗೆ ಇಳಿಯುತ್ತದೆ. ಮಲ್ಟಿಮೀಟರನ್ನು ಅಡಾಪ್ಟರ್ ತುದಿಯಲ್ಲಲ್ಲ, ಮೌಂಟ್ ತುದಿಯಲ್ಲಿ, ಅದೂ ಮೋಟಾರು ತಿರುಗುತ್ತಿರುವಾಗ ಹಿಡಿಯಿರಿ.

ಅಡಾಪ್ಟರನ್ನೇ ತಾರಸಿಗೆ ಒಯ್ಯುವುದಾದರೆ ಆ 230 ವೋಲ್ಟ್ ದಾರಿಯಲ್ಲಿ 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನಾಗಿ ಕಡಿಯುವ ಸ್ವಿಚ್) ಇರಲೇಬೇಕು, ಅಡಾಪ್ಟರ್ ನೆಲದಿಂದ ಮೇಲೆ ಮುಚ್ಚಿದ ಡಬ್ಬಿಯಲ್ಲಿರಲಿ. ಕರೆಂಟಿನ ಅಂದಾಜು ಹೀಗಿದೆ: ಮೌಂಟ್ 1ರಿಂದ 2 ಆಂಪ್, ತಂಪು ಮಾಡುವ ಕ್ಯಾಮೆರಾ ಇದ್ದರೆ 2–3, ಪೈಗೆ 12 ವೋಲ್ಟ್ ಲೆಕ್ಕದಲ್ಲಿ ಒಂದೂವರೆ, ಇಬ್ಬನಿ ಹೀಟರ್ ಅರ್ಧದಿಂದ ಒಂದು. 10 ಆಂಪ್ ಅಡಾಪ್ಟರ್ ತೆಗೆದುಕೊಳ್ಳಿ. ಇಷ್ಟಾದರೂ ನಿಂತರೆ ತೂಕ ನೋಡಿ: ಕ್ಯಾಮೆರಾ ಹಾಕಿದ ಮೇಲೆ ಎರಡೂ ಅಕ್ಷಗಳ ಸಮತೋಲವನ್ನು ಮತ್ತೆ ಮಾಡಿದಿರಾ?

ಪ್ರಶ್ನೆ: ಸಂಜೆ ಚೆನ್ನಾಗಿರುವ ವೈಫೈ, ಕ್ಯಾಮೆರಾ ಆನ್ ಮಾಡಿದ ಕೂಡಲೇ ಸಾಯುತ್ತದೆ. ಪೈ ಬದಲಿಸಿದೆ, ಗುಣವಾಗಲಿಲ್ಲ.
— ಓದುಗರೊಬ್ಬರು, ಉಡುಪಿ

ಉತ್ತರ: ಯುಎಸ್‌ಬಿ 3 ಓಡುವಾಗ ಹೊಮ್ಮುವ ರೇಡಿಯೋ ಗದ್ದಲ ಸರಿಯಾಗಿ 2.4 ಗಿಗಾಹರ್ಟ್ಸ್ ವೈಫೈ ಮೇಲೆಯೇ ಬೀಳುತ್ತದೆ. ರೌಟರಿನಲ್ಲಿ 5 ಗಿಗಾಹರ್ಟ್ಸ್ ಆರಿಸಿ. ಇಲ್ಲವೇ ಕ್ಯಾಮೆರಾವನ್ನು ಪೈನ ಕಪ್ಪು ಕಿಂಡಿಗೆ, ಅಂದರೆ ಯುಎಸ್‌ಬಿ 2ಕ್ಕೆ ಹಾಕಿ. ನೀಹಾರಿಕೆಯ ಚಿತ್ರ ನಿಮಿಷಕ್ಕೊಂದು ಬರುವಾಗ ವೇಗ ಬೇಕಿಲ್ಲ. ಪೈ ಲೋಹದ ಡಬ್ಬಿಯಲ್ಲಿದ್ದರೆ ಅದೂ ಒಂದು ಕಾರಣ.

ಪ್ರಶ್ನೆ: ಪೈನಲ್ಲಿ ಗುರುಗ್ರಹದ ವಿಡಿಯೊ ತೆಗೆದರೆ ಫ್ರೇಮ್‌ಗಳು ಬಿದ್ದುಹೋಗುತ್ತವೆ.
— ಓದುಗರೊಬ್ಬರು, ಬೆಳಗಾವಿ

ಉತ್ತರ: ಇಲ್ಲಿ ಮಾತ್ರ ವೇಗ ಬೇಕು. 640×480, 8 ಬಿಟ್, ಸೆಕೆಂಡಿಗೆ 200 ಫ್ರೇಮ್ ಎಂದರೆ ಸೆಕೆಂಡಿಗೆ 61 ಎಂಬಿ. ಮೆಮೊರಿ ಕಾರ್ಡ್ ಅಷ್ಟು ನುಂಗಲಾರದು; ಯುಎಸ್‌ಬಿ 3 ಎಸ್‌ಎಸ್‌ಡಿಗೆ ಬರೆಯಿಸಿ. ಗ್ರಹದ ಸುತ್ತ ಸಣ್ಣ ಚೌಕ ಮಾತ್ರ ಆರಿಸಿ, ಪರದೆಯ ಮುನ್ನೋಟ ನಿಧಾನಿಸಿ. ಗುರು 9 ಗಂಟೆ 55 ನಿಮಿಷಕ್ಕೆ ಒಂದು ಸುತ್ತು ತಿರುಗುವುದರಿಂದ ಒಂದು ವಿಡಿಯೊ ಎರಡು ಮೂರು ನಿಮಿಷ ಮೀರಬಾರದು, ಮೀರಿದರೆ ಪಟ್ಟೆಗಳ ವಿವರ ಕಲಸಿಹೋಗುತ್ತದೆ.

ಪ್ರಶ್ನೆ: ಕೆಳಗಿನಿಂದ ಫೋಕಸ್ ತಿರುಗಿಸಲು ಕಡಿಮೆ ಖರ್ಚಿನ ಮೋಟಾರು ನಾವೇ ಮಾಡಬಹುದೇ?
— ಎಂಜಿನಿಯರಿಂಗ್ ವಿದ್ಯಾರ್ಥಿಗಳು, ದಾವಣಗೆರೆ

ಉತ್ತರ: ಧಾರಾಳವಾಗಿ. ಬೇಕಾದದ್ದು: ಒಂದು ಆರ್ಡುಯಿನೋ ನ್ಯಾನೋ, 28ಬಿವೈಜೆ-48 ಎಂಬ 5 ವೋಲ್ಟ್ ಸ್ಟೆಪರ್ ಮೋಟಾರು, ಅದರ ಯುಎಲ್‌ಎನ್2003 ಬೋರ್ಡ್, ಮೋಟಾರಿನ 5 ಮಿ.ಮೀ. ದಂಡವನ್ನು ಫೋಕಸರ್ ದಂಡಕ್ಕೆ ಸೇರಿಸುವ ಕಪ್ಲರ್, ಒಂದು ಎಲ್ ಆಕಾರದ ಪಟ್ಟಿ. ಫೋಕಸರ್ ದಂಡ ಹಲವುದರಲ್ಲಿ 6 ಮಿ.ಮೀ., ಆದರೂ ಒಂದು ಗುಬ್ಬಿ ಕಳಚಿ ವರ್ನಿಯರ್‌ನಿಂದ ಅಳೆದೇ ಕಪ್ಲರ್ ತನ್ನಿ. ನ್ಯಾನೋಗೆ ಮೂನ್‌ಲೈಟ್ (ಫೋಕಸರ್ ತಯಾರಿಸುವ ಒಂದು ಕಂಪನಿ) ಭಾಷೆ ಮಾತಾಡುವ ಯಾವುದಾದರೂ ಮುಕ್ತ ಪ್ರೋಗ್ರಾಮ್ ಹಾಕಿದರೆ ಆಸ್ಕಾಮ್, ಇಂಡಿ ಎರಡೂ ಅದನ್ನು ಗುರುತಿಸುತ್ತವೆ. ಮೋಟಾರಿಗೆ 5 ವೋಲ್ಟ್ ಪ್ರತ್ಯೇಕ ಕೊಡಿ, ಗ್ರೌಂಡ್ ಮಾತ್ರ ಒಂದೇ ಇರಲಿ.

ಈ ಮೋಟಾರು ಅರ್ಧಹೆಜ್ಜೆಯಲ್ಲಿ ಸುತ್ತಿಗೆ 4096 ಹೆಜ್ಜೆ ಇಡುತ್ತದೆ. ಗುಬ್ಬಿಯ ಒಂದು ಸುತ್ತಿಗೆ ಕೊಳವೆ 20 ಮಿ.ಮೀ. ಚಲಿಸಿದರೆ ಹೆಜ್ಜೆಗೆ 5 ಮೈಕ್ರಾನ್. ಎಫ್/5 (ನಾಭಿದೂರ ಕನ್ನಡಿಯ ವ್ಯಾಸದ ಐದು ಪಟ್ಟು) ದೂರದರ್ಶಕದಲ್ಲಿ ಫೋಕಸ್ ಸರಿಯಿರುವ ಪಟ್ಟಿಯೇ ಸುಮಾರು 67 ಮೈಕ್ರಾನ್ ಅಗಲ. ಆದ್ದರಿಂದ ಸೂಕ್ಷ್ಮತೆ ಬೇಕಾದ್ದಕ್ಕಿಂತ ಹೆಚ್ಚೇ ಇದೆ. ಕಾಟ ಕೊಡುವುದು ಗೇರಿನ ಸಡಿಲು: ದಿಕ್ಕು ಬದಲಿಸಿದಾಗ ಮೊದಲ ಕೆಲವು ಹತ್ತು ಹೆಜ್ಜೆ ಸುಮ್ಮನೆ ಹೋಗುತ್ತವೆ. ತಂತ್ರಾಂಶದಲ್ಲಿ ಬ್ಯಾಕ್‌ಲ್ಯಾಶ್ ತುಂಬಿ, ಯಾವಾಗಲೂ ಒಂದೇ ದಿಕ್ಕಿನಿಂದ ಫೋಕಸ್‌ಗೆ ಬರುವಂತೆ ಮಾಡಿ. ಭಾರದ ಡಿಎಸ್‌ಎಲ್‌ಆರ್ ಎತ್ತುವ ಶಕ್ತಿ ಈ ಪುಟ್ಟ ಮೋಟಾರಿಗಿಲ್ಲ. ಅದಕ್ಕೆ ಗೇರ್ ಇರುವ ನೆಮಾ 14 ಬೇಕು.

ಎರಡು ಮೋಸಗಳು. ತಂತ್ರಾಂಶ ಸಂಪರ್ಕಿಸಿದ ಕ್ಷಣ ನ್ಯಾನೋ ರೀಸೆಟ್ ಆಗುತ್ತದೆ, ಪ್ರೋಗ್ರಾಮ್ ಸ್ಥಾನವನ್ನು ಉಳಿಸಿಡದಿದ್ದರೆ ಮರೆತುಹೋಗುತ್ತದೆ. ರೀಸೆಟ್ ಮತ್ತು ಗ್ರೌಂಡ್ ನಡುವೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದರೆ ನಿಲ್ಲುತ್ತದೆ. ಪ್ರೋಗ್ರಾಮ್ ತುಂಬುವಾಗ ಅದನ್ನು ತೆಗೆಯಿರಿ. ಎರಡನೆಯದು ಉಬುಂಟು 22.04ರಲ್ಲಿ: ಅಗ್ಗದ ನ್ಯಾನೋದ ಸಿಎಚ್340 ಚಿಪ್ಪನ್ನು ಅದು ಬ್ರೈಲ್ ಯಂತ್ರವೆಂದು ತಿಳಿದು ವಶಪಡಿಸಿಕೊಳ್ಳುತ್ತದೆ. ಬ್ರೈಲ್ ಯಂತ್ರ ಬಳಸದವರು ಬಿಆರ್‌ಎಲ್‌ಟಿಟಿವೈ ಪ್ಯಾಕೇಜನ್ನು ತೆಗೆದುಹಾಕಬಹುದು. ನಿಮ್ಮ ಬಳಕೆದಾರ ಹೆಸರು ಡಯಲ್‌ಔಟ್ ಗುಂಪಿನಲ್ಲಿರುವುದನ್ನೂ ನೋಡಿಕೊಳ್ಳಿ.

ಪ್ರಶ್ನೆ: ಪಿಎಚ್‌ಡಿ2 ಕ್ಯಾಲಿಬ್ರೇಶನ್ ಮಾಡುವಾಗ 'ನಕ್ಷತ್ರ ಸಾಕಷ್ಟು ಸರಿಯಲಿಲ್ಲ' ಎನ್ನುತ್ತದೆ.
— ಓದುಗರೊಬ್ಬರು, ಕಲಬುರಗಿ

ಉತ್ತರ: ಮೊದಲು ಗೈಡ್ ದೂರದರ್ಶಕದ ನಾಭಿದೂರ, ಪಿಕ್ಸೆಲ್ ಗಾತ್ರ ಸರಿಯಾಗಿ ಬರೆದಿದ್ದೀರಾ ನೋಡಿ, ಮುಖ್ಯ ದೂರದರ್ಶಕದ ಅಂಕಿ ಬರೆಯುವ ತಪ್ಪು ಬಹಳ ಸಾಮಾನ್ಯ. ಆಮೇಲೆ ಮೌಂಟ್ ಡ್ರೈವರಿನಲ್ಲಿ ಗೈಡ್ ವೇಗ 0.5 ಇರಲಿ. ಕ್ಯಾಲಿಬ್ರೇಶನ್ನನ್ನು ಆಕಾಶದ ವಿಷುವದ್ವೃತ್ತದ ಬಳಿ ಮಾಡಿ. ನಮ್ಮಲ್ಲಿ ಅದು ನೆತ್ತಿಯಿಂದ ಹದಿಮೂರರಿಂದ ಹದಿನೆಂಟು ಡಿಗ್ರಿ ದಕ್ಷಿಣಕ್ಕಷ್ಟೇ: ಜನವರಿ–ಫೆಬ್ರವರಿಯಲ್ಲಿ ಮಹಾವ್ಯಾಧನ ನಡುಪಟ್ಟಿಯ ಆಸುಪಾಸು. ಅದು ಸರಿಯಾಗಿ ನಡೆದು, ಆಮೇಲೆ ಗ್ರಾಫ್ ಆಗಾಗ ಹಠಾತ್ತನೆ ನೆಗೆದರೆ ತಂತ್ರಾಂಶ ಬಿಟ್ಟು ಕೇಬಲ್ ನೋಡಿ. ತೂಗಾಡುವ ಕೇಬಲ್ ಎಲ್ಲೋ ಸಿಕ್ಕಿ ಎಳೆಯುತ್ತಿರುತ್ತದೆ. ಎಲ್ಲವನ್ನೂ ಒಂದು ಕಟ್ಟಾಗಿ ಮೌಂಟ್‌ನ ತಲೆಯ ಬಳಿ ಕಟ್ಟಿ, ಅಲ್ಲಿಂದ ಕೆಳಗಿಳಿಸಿ.

ಪ್ರಶ್ನೆ: ನಾನಿರುವುದು ಅಮೆರಿಕದ ಡಲ್ಲಾಸ್‌ನಲ್ಲಿ. ದೂರದರ್ಶಕ ತೀರ್ಥಹಳ್ಳಿ ಬಳಿಯ ಅಪ್ಪ ಅಮ್ಮನ ಮನೆಯ ತಾರಸಿಯಲ್ಲಿ. ಆಕಾಶ ಅಲ್ಲಿ ಕಪ್ಪಾಗಿದೆ. ಇಲ್ಲಿಂದ ನಡೆಸಬಹುದೇ? ರೌಟರಿನಲ್ಲಿ ಪೋರ್ಟ್ ತೆರೆದರೂ ಹೊರಗಿನಿಂದ ಸಿಗುತ್ತಿಲ್ಲ.
— ಓದುಗರೊಬ್ಬರು, ಟೆಕ್ಸಸ್

ಉತ್ತರ: ಪೋರ್ಟ್ ತೆರೆದದ್ದನ್ನು ಮೊದಲು ಮುಚ್ಚಿ. ಅದು ಸಿಗದಿದ್ದದ್ದೇ ಒಳ್ಳೆಯದಾಯಿತು. ಇಂಟರ್‌ನೆಟ್ಟಿಗೆ ತೆರೆದಿಟ್ಟ ರಿಮೋಟ್ ಡೆಸ್ಕ್‌ಟಾಪಿನ ಬಾಗಿಲನ್ನು ಕಳ್ಳರು ದಿನವಿಡೀ ತಟ್ಟುತ್ತಿರುತ್ತಾರೆ. ಸಿಗದಿರಲು ಕಾರಣ ಬಹುಶಃ ಸಿಜಿನ್ಯಾಟ್: ನಮ್ಮಲ್ಲಿ ಅನೇಕ ಬ್ರಾಡ್‌ಬ್ಯಾಂಡ್ ಸಂಪರ್ಕಗಳಲ್ಲಿ ನೂರಾರು ಮನೆಗಳಿಗೆ ಒಂದೇ ಹೊರವಿಳಾಸ ಇರುತ್ತದೆ, ನಿಮ್ಮ ರೌಟರಿಗೆ ಸ್ವಂತ ವಿಳಾಸವಿಲ್ಲ. ಟೇಲ್‌ಸ್ಕೇಲ್‌ನಂಥ ವಿಪಿಎನ್ ಎರಡೂ ಕಡೆ ಹಾಕಿದರೆ ಈ ತೊಡಕೇ ಬರುವುದಿಲ್ಲ, ಏಕೆಂದರೆ ಎರಡೂ ಯಂತ್ರಗಳು ಒಳಗಿನಿಂದ ಹೊರಕ್ಕೆ ಕರೆ ಮಾಡಿ ಸೇರುತ್ತವೆ. ಅದರ ಮೇಲೆ ಪರದೆಗೆ ವಿಎನ್‌ಸಿ ಅಥವಾ ರಸ್ಟ್‌ಡೆಸ್ಕ್. ವಿಂಡೋಸ್ ಹೋಮ್ ಆವೃತ್ತಿಯಲ್ಲಿ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಒಳಬರಲು ಆಗುವುದಿಲ್ಲ, ನೆನಪಿರಲಿ.

ವೇಳೆಯ ದೃಷ್ಟಿಯಿಂದ ನೀವು ಅದೃಷ್ಟವಂತರು. ತೀರ್ಥಹಳ್ಳಿಯ ರಾತ್ರಿ 9 ಎಂದರೆ ನಿಮ್ಮಲ್ಲಿ ಚಳಿಗಾಲದಲ್ಲಿ ಬೆಳಗಿನ ಒಂಬತ್ತೂವರೆ. ನಿದ್ದೆಗೆಡಬೇಕಿಲ್ಲ, ಆಫೀಸಿನವರು ನೋಡದಿದ್ದರೆ ಆಯಿತು. ಮೇಲಿನ ಕಂಪ್ಯೂಟರಿನ ಕಾಲವಲಯ ಮಾತ್ರ ಭಾರತದ್ದೇ ಇರಲಿ.

ಕರೆಂಟು ಹೋಗಿ ಬಂದರೆ ಯಂತ್ರ ತಾನಾಗಿ ಏಳಬೇಕು. ಮಿನಿ ಪಿಸಿಯ ಬಯೋಸ್‌ನಲ್ಲಿ ವಿದ್ಯುತ್ ಬಂದಾಗ ಆನ್ ಆಗುವ ಆಯ್ಕೆ ಇದೆ. ಪೈ ಹೇಗೂ ಏಳುತ್ತದೆ. ಮೌಂಟ್ ಮತ್ತು ಕ್ಯಾಮೆರಾಗಳಿಗೆ ಬೇರೆ ಬೇರೆ ಸ್ಮಾರ್ಟ್ ಪ್ಲಗ್ ಹಾಕಿಸಿ, ಹಟ ಹಿಡಿದದ್ದನ್ನು ಆರಿಸಿ ಹೊತ್ತಿಸಬಹುದು. 26 ಮೆಗಾಪಿಕ್ಸೆಲ್‌ನ ಒಂದು 16 ಬಿಟ್ ಚಿತ್ರ 52 ಎಂಬಿ. ನೂರು ಚಿತ್ರಕ್ಕೆ 5.2 ಜಿಬಿ. ಸೆಕೆಂಡಿಗೆ 5 ಮೆಗಾಬಿಟ್ ಅಪ್‌ಲೋಡ್‌ನಲ್ಲಿ ಎರಡೂಕಾಲು ಗಂಟೆ ಬೇಕು. ಚಿತ್ರ ತೆಗೆಯುವಾಗ ಅಲ್ಲ, ಅಲ್ಲಿ ಬೆಳಗಾದ ಮೇಲೆ ಇಳಿಸಿಕೊಳ್ಳಿ.

ಮಲೆನಾಡಿನ ಇಬ್ಬನಿಗೆ ಹೀಟರ್ ಪಟ್ಟಿ ಬೇಕೇ ಬೇಕು. ನ್ಯೂಟೋನಿಯನ್ ಆದರೆ ಮೊದಲು ಮಂಜು ಹಿಡಿಯುವುದು ಒಳಗಿನ ಸಣ್ಣ ಕನ್ನಡಿಗೆ. ಮಸೂರದ್ದಾದರೆ ಮುಂದಿನ ಗಾಜಿಗೆ. 80 ಮಿ.ಮೀ. ಮಸೂರದ ಸುತ್ತ 470 ಓಮ್, ಅರ್ಧ ವ್ಯಾಟ್‌ನ 15 ರೆಸಿಸ್ಟರ್‌ಗಳನ್ನು ಸಮಾಂತರವಾಗಿ ಬೆಸೆದು ಬಟ್ಟೆಯ ಪಟ್ಟಿಯಲ್ಲಿ ಹೊಲಿದರೆ 12 ವೋಲ್ಟ್‌ಗೆ ಸುಮಾರು 4.6 ವ್ಯಾಟ್ ಶಾಖ ಬರುತ್ತದೆ, ಅಷ್ಟು ಸಾಕು. ಜೂನ್‌ನಿಂದ ಸೆಪ್ಟೆಂಬರ್ ತನಕ ದೂರದರ್ಶಕವನ್ನು ಮೇಲೆ ಬಿಡುವ ಯೋಚನೆಯೇ ಬೇಡ. ಒಳಗೆ, ಮುಚ್ಚುವ ಪೆಟ್ಟಿಗೆಯಲ್ಲಿ, ಸಿಲಿಕಾ ಜೆಲ್ ಜೊತೆ ಇಡಿಸಿ. ಮಸೂರಕ್ಕೆ ಬೂಷ್ಟು ಒಮ್ಮೆ ಹಿಡಿದರೆ ಒರೆಸಿದರೂ ಕಲೆ ಉಳಿಯಬಹುದು.

ಇನ್ನು ಮಳೆ ಮತ್ತು ಸೂರ್ಯ. ತಾನಾಗಿ ಮುಚ್ಚುವ ಛಾವಣಿ ಇಲ್ಲದ ತನಕ ನಿಮ್ಮದು ಪೂರ್ತಿ ದೂರನಿಯಂತ್ರಣ ಅಲ್ಲ, ಅಪ್ಪನ ನೆರವಿನ ದೂರನಿಯಂತ್ರಣ. ಅಗ್ಗದ ಮಳೆ ಸಂವೇದಕದ ತಾಮ್ರದ ಗೆರೆಗಳು ಕೆಲವೇ ವಾರದಲ್ಲಿ ಹಸಿರುಗಟ್ಟುತ್ತವೆ, ಅದೊಂದನ್ನೇ ನಂಬಬೇಡಿ. ಸರಣಿಗೆ ಮುಗಿಯುವ ಗಂಟೆ ಕಡ್ಡಾಯವಾಗಿ ಕೊಡಿ: ಬೆಳಗಿನ 5ಕ್ಕೆ ಮೌಂಟ್ ಪಾರ್ಕ್ ಆಗಿ ದೂರದರ್ಶಕದ ಮುಖ ಉತ್ತರಕ್ಕೆ, ಧ್ರುವದತ್ತ ಇರಬೇಕು. ಸಂಪರ್ಕ ಕಡಿದು ಮೌಂಟ್ ಸುಮ್ಮನೆ ಹಿಂಬಾಲಿಸುತ್ತಲೇ ಉಳಿದರೆ ಕೊಳವೆ ಟ್ರೈಪಾಡಿಗೆ ಬಡಿಯಬಹುದು, ಅಥವಾ ಹಗಲಲ್ಲಿ ಸೂರ್ಯ ಅದರ ಮುಂದೆ ಹಾದುಹೋಗಬಹುದು. ಆಗ ಸುಡುವುದು ಕ್ಯಾಮೆರಾ ಒಂದೇ ಅಲ್ಲ, ಅಂಚಿನ ಪ್ಲಾಸ್ಟಿಕ್ಕೂ ಕರಗುತ್ತದೆ. ಅದಕ್ಕೇ ಡ್ರೈವರಿನಲ್ಲಿ ಮಧ್ಯಾಹ್ನರೇಖೆ (ಉತ್ತರದಿಂದ ದಕ್ಷಿಣಕ್ಕೆ ನೆತ್ತಿಯ ಮೇಲೆ ಹಾಯುವ ಗೆರೆ) ದಾಟುವ ಮಿತಿ, ದಿಗಂತದ ಮಿತಿ ಎರಡನ್ನೂ ಹಾಕಿಡಿ. ಅಪ್ಪ ಬೆಳಿಗ್ಗೆ ಕಾಫಿಗೆ ಮುಂಚೆ ಮೇಲೆ ಹೋಗಿ ಮೂರು ಮುಚ್ಚಳ ಹಾಕಲಿ: ದೊಡ್ಡದಕ್ಕೊಂದು, ಗೈಡ್ ದೂರದರ್ಶಕಕ್ಕೊಂದು, ಎಲ್ಲರೂ ಮರೆಯುವ ಫೈಂಡರಿಗೊಂದು (ಗುರಿ ಹುಡುಕುವ ಪುಟ್ಟ ದೂರದರ್ಶಕ ಅದು).